ಸೋಸುಕಾಗದ

ಹಚಿನೊಹೆ ಬಂದರಿನಲ್ಲಿ ಬೊಂಡಾಸು ಸೀಳಿ
ತಂತಿಗೆ ನೇತುಹಾಕುವುದು ನನ್ನ ಕೆಲಸ.
ವಾಸನೆ ಹೋಗಲೆಂದು ಚಹಾದ ಗಷ್ಟಿನಲ್ಲಿ ಕೈ ತಿಕ್ಕಿ
ಆಮೇಲೆ ಮಗುವನ್ನು ಎತ್ತಿಕೊಳ್ಳುತ್ತಿದ್ದೆ.

ನೊಬೊರುವಿಗೆ ಆರು ತಿಂಗಳು ತುಂಬಿ ನಾಲ್ಕು ದಿನ.
ಆರೋಗ್ಯ ಕೇಂದ್ರದಿಂದ ಲಕೋಟೆ ಬಂತು:
ಅಂಗೈಯಷ್ಟು ಬಿಳಿ ಕಾಗದ,
ನಗುವ ಮಗುವಿನ ಚಿತ್ರ, ಒಂದು ಬಾಣ.
ಲಂಗೋಟಿಯೊಳಗೆ ಇಡಿ, ಒದ್ದೆಯಾದ ಮೇಲೆ
ನೆರಳಲ್ಲಿ ಒಣಗಿಸಿ, ಅಂಚೆಗೆ ಹಾಕಿ. ಅಷ್ಟೇ.
ಬೊಂಡಾಸು ಒಣಗಿಸುವವಳಿಗೆ
ಒಣಗಿಸುವುದನ್ನು ಹೇಳಿಕೊಡಬೇಕೆ?
ಸೂರಿನಡಿ ಕ್ಲಿಪ್ಪು ಸಿಕ್ಕಿಸಿ ಎರಡು ಗಂಟೆ ಕಾದೆ.
ಹಿಮ ತುಳಿದು ಹೋಗಿ ಪೆಟ್ಟಿಗೆಗೆ ಹಾಕಿ ಬರುವಾಗ
ಒಳ್ಳೆ ತಾಯಿ ಅನ್ನಿಸಿತು.
ಯಾರೂ ಹೇಳಿರಲಿಲ್ಲ, ನನಗೇ.

ಪಕ್ಕದ ಮನೆ ತಾಮಿಯೋಗೂ ಬಂದಿತ್ತು ಅದೇ ಲಕೋಟೆ.
ಅವಳದು ಯಾವತ್ತೂ ನಾಳೆ ನೋಡೋಣ.
ಅದರ ಮೇಲೆ ಬಿಸಿ ಕೆಟಲ್ಲು ಇಟ್ಟಿದ್ದಳು, ದುಂಡನೆ ಕಲೆ.
ಎಂಥ ತಾಯಿಯೇ ನೀನು, ಎಂದಿದ್ದೆ.

ನಮ್ಮದಕ್ಕೆ ಹನ್ನೊಂದನೇ ದಿನ ಉತ್ತರ.
ಕಾರ್ಡಲ್ಲ, ಫೋನು.
ಎಡ ಮೂತ್ರಪಿಂಡದ ನೆತ್ತಿಯ ಮೇಲೆ
ಗುಬ್ಬಿಮೊಟ್ಟೆಯಷ್ಟು ಗೆಡ್ಡೆ.
ಮಗು ಹಾಲು ಕುಡಿಯುತ್ತಿತ್ತು, ಕಾಲು ಬಡಿಯುತ್ತಿತ್ತು.
ರೋಗ ಅದರ ಮೈಯಲ್ಲಿ ಎಲ್ಲೂ ಕಾಣಲಿಲ್ಲ,
ಕಾಗದದಲ್ಲಿತ್ತು.

ಮೊರಿಯೋಕಾದ ಆಸ್ಪತ್ರೆಯಲ್ಲಿ ಐದು ಗಂಟೆ.
ಗೆಡ್ಡೆ ಬಂತು, ಅದರ ಬೆನ್ನಿಗೇ ಮೂತ್ರಪಿಂಡವೂ ಬಂತು.
ಆಮೇಲೆ ಔಷಧ. ಹುಟ್ಟುಗೂದಲೆಲ್ಲ ದಿಂಬಿನ ಪಾಲು.
ಒಂದು ರಾತ್ರಿ ಜ್ವರವೇರಿ ಉಸಿರು ಸಿಕ್ಕಿಕೊಂಡಾಗ
ಗಂಡ ಕಾರಿಡಾರಿನಲ್ಲಿ ಕೂತು
ಶೂ ಬಿಚ್ಚಿದ, ಹಾಕಿದ, ಮತ್ತೆ ಬಿಚ್ಚಿದ.
ಮಗು ಉಳಿಯಿತು.
ಸಕಾಲಕ್ಕೆ ಸಿಕ್ಕಿತು, ತಾಯಿಗೆ ಭೇಷ್, ಎಂದರು ಡಾಕ್ಟರು.
ಆ ಒಂದು ಭೇಷನ್ನು ಹದಿನೆಂಟು ವರ್ಷ
ಒಡವೆಯ ಹಾಗೆ ತೆಗೆದು ನೋಡಿ ಒಳಗಿಡುತ್ತಿದ್ದೆ.

ಆಮೇಲೊಂದು ಬೆಳಿಗ್ಗೆ, ಮೀನು ಸುತ್ತುವ ಪತ್ರಿಕೆಯಲ್ಲಿ
ಮೂರು ಬೆರಳಗಲದ ಸುದ್ದಿ:
ಆ ಪರೀಕ್ಷೆ ಇನ್ನು ಇಲ್ಲ.
ಹಾಗೆ ಸಿಕ್ಕ ಗೆಡ್ಡೆಗಳಲ್ಲಿ ಎಷ್ಟೋ
ತಾವಾಗಿಯೇ ಕರಗುವಂಥವಂತೆ,
ಯಾರೂ ನೋಡದೆ ಇದ್ದಿದ್ದರೆ.

ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದವಳಿಗೆ
ಸಿಕ್ಕವನು ಕಳ್ಳನೋ, ದಾರಿಹೋಕನೋ?
ಕೊಯ್ದು ಸೀಸೆಗೆ ಹಾಕಿದ್ದು ಇನ್ನು ಬಾಯಿಬಿಡುವುದಿಲ್ಲ.
ನನ್ನ ನೊಬೊರುವಿನದು ಕರಗುವುದಿತ್ತೋ
ಕೊಲ್ಲುವುದಿತ್ತೋ
ಹೇಳಬಲ್ಲವರಿಲ್ಲ. ಡಾಕ್ಟರನ್ನೂ ಕೇಳಿದೆ.
ಅವರು ಕನ್ನಡಕ ಒರೆಸಿಕೊಂಡರು.

ಆ ಪತ್ರಿಕೆಯಲ್ಲೇ ಬೊಂಡಾಸು ಸುತ್ತಿ ಗಿರಾಕಿಗೆ ಕೊಟ್ಟೆ.

ತಾಮಿಯೋಳ ಮಗಳು ಈಗ ಊರ ಬಸ್ಸು ಓಡಿಸುತ್ತಾಳೆ,
ನನ್ನನ್ನು ಕಂಡರೆ ಹಾರ್ನು ಒತ್ತುತ್ತಾಳೆ.
ಪ್ರತಿ ಸಲವೂ ಬೆಚ್ಚುತ್ತೇನೆ.

ಇವತ್ತು ಭಾನುವಾರ, ಬೀದಿಯ ಸ್ನಾನದ ಮನೆ.
ಹೆಂಗಸರ ಕಡೆ ನಾನು. ಗಂಡಸರ ಕಡೆ ಮಗ,
ಜೊತೆಗೆ ಅವನ ನಾಲ್ಕು ವರ್ಷದ ಮಗಳು.
ನಡುವಿನ ಗೋಡೆ ಮಾಡಿನವರೆಗೆ ಹೋಗಿಲ್ಲ,
ಹಬೆಗೂ ಮಾತಿಗೂ ಅಡ್ಡಿಯಿಲ್ಲ.
"ಅಪ್ಪಾ, ನಿನ್ನ ಹೊಟ್ಟೆಗೆ ಯಾಕೆ ಜಿಪ್ಪು?"
ಅವನು ನಕ್ಕಿದ್ದು ಕೇಳಿಸಿತು.
"ಅಜ್ಜಿ ನನ್ನ ಪ್ರಾಣ ಉಳಿಸಿದ ಗುರುತು ಅದು.
ಕೂಗು, ಥ್ಯಾಂಕ್ಸ್ ಹೇಳು."
"ಅಜ್ಜೀ..."

ಸೋಪು ಹಚ್ಚಿಕೊಳ್ಳುತ್ತಿದ್ದ ಹೆಂಗಸರೆಲ್ಲ
ನನ್ನ ಕಡೆ ತಿರುಗಿ ಮುಗುಳ್ನಕ್ಕರು.
ಬೋಗುಣಿ ತುಂಬ ನೀರೆತ್ತಿ
ತಲೆಯ ಮೇಲೆ ಸುರಿದುಕೊಂಡೆ,
ಕೇಳಿಸಲಿಲ್ಲ ಎನ್ನುವ ಹಾಗೆ.

ಅವಳು ಮತ್ತೆ ಕೂಗಿದಳು.

ಹ್ಞೂಂ, ಎಂದೆ.